ಕರಡಿ ಹಿಡಿಸುವ ಮೊದಲು

ನಮ್ಮೂರು ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕಡೆಯ ಗುಡ್ಡದ ಸಾಲಿನಲ್ಲಿದೆ. ನನಗೆ ಆರು ಎಕರೆ ಖುಷ್ಕಿ ಹೊಲ. ಶೇಂಗಾ, ತೊಗರಿ, ಒಂದಿಷ್ಟು ಮೆಕ್ಕೆಜೋಳ. ಓದಿದ್ದು ಏಳನೇ ಕ್ಲಾಸು. ಬರೆದು ರೂಢಿ ಇಲ್ಲ. ಆದರೆ ಹೋದ ಗ್ರಾಮಸಭೆಯಲ್ಲಿ ಹೇಳಲಾಗದ ಮಾತು ಗಂಟಲಲ್ಲೇ ಉಳಿದಿದೆ. ಅದಕ್ಕೇ ಈ ನಾಲ್ಕು ಸಾಲು.

ಸಭೆಯಲ್ಲಿ ಎಲ್ಲರದೂ ಒಂದೇ ಕೂಗು: "ಕರಡಿ ಹಿಡಿದು ಬೇರೆ ಕಡೆ ಬಿಡ್ರಿ." ಸುಮ್ಮನೆ ಕೂಗಿದ್ದಲ್ಲ. ಗುಡ್ಡದ ಬುಡದಲ್ಲಿ ಆಗಿರುವ ಹೊಸ ಕಾಲೊನಿಗೆ ತಾಯಿ ಕರಡಿಯೊಂದು ಎರಡು ಮರಿ ಕಟ್ಟಿಕೊಂಡು ರಾತ್ರಿ ಬರುತ್ತಿದೆ. ಗುಡಿಯ ಬಾಗಿಲು ಮುರಿದು ದೀಪದ ಎಣ್ಣೆ ಕುಡಿದು ಹೋಯಿತು. ಅಂಗನವಾಡಿಯ ಬೆಲ್ಲ ತಿಂದಿತು. ಕಾಲೊನಿ ಪಕ್ಕದ ಶೇಂಗಾ ಹೊಲ ಕೆದರಿ ಹಾಕಿತು.

ನಾನು ಎದ್ದು, "ಹಿಡಿದು ಒಯ್ದರೆ ಮುಗಿಯೋದಿಲ್ಲ" ಅಂದೆ. ಹಿಂದಿನಿಂದ ಒಬ್ಬ ಹುಡುಗ, "ನಿನ್ನ ತಮ್ಮನ ಮುಖ ನೋಡಿನೂ ಈ ಮಾತು ಆಡ್ತೀಯೇನಣ್ಣಾ?" ಅಂದ. ನಾನು ಕೂತುಬಿಟ್ಟೆ.

ನನ್ನ ತಮ್ಮನಿಗೆ ಎಡಗಣ್ಣಿಲ್ಲ. ಏಳು ವರ್ಷದ ಹಿಂದೆ, ಇನ್ನೂ ಬೆಳಕು ಹರಿದಿರಲಿಲ್ಲ, ಚೆಂಬು ತಗೊಂಡು ಬಳ್ಳಾರಿ ಜಾಲಿಯ ಮೆಳೆ ಕಡೆ ಹೋದ. ಕರಡಿ ಅಲ್ಲೇ ಗೆದ್ದಲ ಹುತ್ತ ಕೆದರುತ್ತಿತ್ತು. ಅದಕ್ಕೂ ಇವನು ಕಾಣಲಿಲ್ಲ, ಇವನಿಗೂ ಅದು ಕಾಣಲಿಲ್ಲ. ಎದ್ದು ನಿಂತು ಒಂದೇ ಏಟು. ಆಸ್ಪತ್ರೆಯಿಂದ ಬಂದ ಮೇಲೆ ಅವನ ಮಗಳೇ ಅವನ ಹತ್ತಿರ ಹೋಗಲು ತಿಂಗಳು ಹಿಡಿಯಿತು. ಪರಿಹಾರದ ಅರ್ಜಿ ಹಿಡಿದು ನಾನು ತಿರುಗಿದ ಲೆಕ್ಕ ಬರೆದರೆ ಈ ಪುಟ ಸಾಲದು. ಹಾಗಾಗಿ ಕರಡಿ ಮೇಲೆ ನನಗೆ ಪ್ರೀತಿ ಉಕ್ಕುತ್ತಿದೆ ಎಂದು ಯಾರೂ ತಿಳಿಯಬಾರದು.

ಆದರೆ ಅವತ್ತಿನಿಂದ ಒಂದೇ ಪ್ರಶ್ನೆ ಕೊರೆಯುತ್ತಿದೆ. ಆ ಹೊತ್ತಿನಲ್ಲಿ ನನ್ನ ತಮ್ಮ ಮೆಳೆಗೆ ಯಾಕೆ ಹೋದ? ಮನೆ ಹಿಂದೆ ಶೌಚಾಲಯ ಇತ್ತು. ನೀರಿರಲಿಲ್ಲ. ಅದರಲ್ಲಿ ಸೌದೆ, ಕುಳ್ಳು ತುಂಬಿದ್ದೆವು. ಕಾಲೊನಿಯಲ್ಲಿ ಇವತ್ತಿಗೂ ಅರ್ಧ ಮನೆಗಳದ್ದು ಇದೇ ಕಥೆ. ಹೆಣ್ಣುಮಕ್ಕಳಂತೂ ಕತ್ತಲಲ್ಲೇ ಹೋಗಿ ಬರಬೇಕು. ರಾತ್ರಿಯೆಲ್ಲ ಮೇದ ಕರಡಿ ಗುಡ್ಡದ ಗವಿಗೆ ಮರಳುವುದೂ ಅದೇ ಹೊತ್ತಿಗೆ.

ಕರಡಿಗೆ ಮೂಗು ಬಲು ಚುರುಕು. ಕಣ್ಣು, ಕಿವಿ ಅಷ್ಟಕ್ಕಷ್ಟೆ. ಹತ್ತಿರ ಬರುವ ತನಕ ಮನುಷ್ಯ ಅದಕ್ಕೆ ಗೊತ್ತಾಗುವುದಿಲ್ಲ. ಹುಲಿ, ಚಿರತೆ ಜೊತೆ ಬಾಳಿದ ಪ್ರಾಣಿ ಅದು. ಗಾಬರಿಯಾದರೆ ಓಡುವ ಬದಲು ಮೈಮೇಲೆ ಬೀಳುತ್ತದೆ. ಮರಿ ಇದ್ದರೆ ಕೇಳುವುದೇ ಬೇಡ. ತಿನ್ನಲಿಕ್ಕೆಂದು ಅದು ಮನುಷ್ಯನನ್ನು ಹುಡುಕಿಕೊಂಡು ಬರುವುದಿಲ್ಲ.

ಇನ್ನು ಗುಡ್ಡದ ಮಾತು. ನಾವು ಹುಡುಗರಾಗಿದ್ದಾಗ ಜಾನೆ, ಕವಳೆ, ಕಾರೆ, ಬಾರೆ ಹಣ್ಣು ಜೇಬು ತುಂಬ ತಿಂದು ಉಳಿದದ್ದು ಗುಡ್ಡದಲ್ಲೇ ಬಿಡುತ್ತಿದ್ದೆವು. ಈಗ ಸೀತಾಫಲ ಕಾಯಿ ಇರುವಾಗಲೇ ಚೀಲಗಟ್ಟಲೆ ಟೆಂಪೋ ಹತ್ತುತ್ತದೆ. ನಾನೂ ಎರಡು ವರ್ಷ ಕಿತ್ತು ಮಾರಿದ್ದೇನೆ, ಸುಳ್ಳು ಹೇಳುವುದಿಲ್ಲ. ಬೇಸಿಗೆಯಲ್ಲಿ ಯಾರೋ ಬೆಂಕಿ ಹಚ್ಚುತ್ತಾರೆ, ಗಿಡ ಸುಡುತ್ತದೆ. ಮೇಲೆ ಹೊಟ್ಟೆಗಿಲ್ಲ, ಕೆಳಗೆ ಎಣ್ಣೆ, ಬೆಲ್ಲ, ಕೊಬ್ಬರಿಯ ವಾಸನೆ. ಬಾರದೆ ಏನು ಮಾಡುತ್ತದೆ?

1994ರಲ್ಲಿ ದರೋಜಿ, 2013ರಲ್ಲಿ ಗುಡೇಕೋಟೆ ಕರಡಿಧಾಮ ಆದವು. ಆಗಲಿ, ಒಳ್ಳೆಯದೇ. ಆದರೆ ಧಾಮದ ಗಡಿ ನಕಾಶೆಯಲ್ಲಿದೆ, ಕರಡಿಗೆ ಅದು ಗೊತ್ತಿಲ್ಲ. ಈ ಕರಡಿಯನ್ನು ಹಿಡಿದು ಒಯ್ದರೆ ಅದು ಇನ್ನೊಂದು ಊರಿನ ಗುಡ್ಡಕ್ಕೆ ಹೋಗುತ್ತದೆ. ಆ ಊರಲ್ಲೂ ಯಾರಿಗೋ ತಮ್ಮ ಇರುತ್ತಾನೆ. ನಮ್ಮ ಗುಡ್ಡಕ್ಕೆ ಮತ್ತೊಂದು ಕರಡಿ ಬರುತ್ತದೆ. ನಮ್ಮ ಎಣ್ಣೆ ಡಬ್ಬಿ ಅಲ್ಲೇ ಇರುತ್ತದಲ್ಲ!

ಹಾಗಾದರೆ ಏನು ಮಾಡಬೇಕು? ಮೊದಲನೆಯದು, ಪಂಚಾಯ್ತಿ ಕಾಲೊನಿಗೆ ನೀರು ಕೊಡಲಿ, ಗುಡ್ಡದ ಕಡೆ ನಾಲ್ಕು ಬೀದಿದೀಪ ಹಾಕಲಿ. ನಾವು ಕೇಳಬೇಕಾದದ್ದು ಬೋನಲ್ಲ, ಇದು. ಎರಡನೆಯದು, ಗುಡಿಯ ಎಣ್ಣೆ, ಕಾಯಿ ಪೂಜಾರಿ ಸಂಜೆಯೇ ಮನೆಗೆ ಒಯ್ಯಲಿ. ಎಂಜಲು, ಮುಸುರೆ ಬೀದಿಗೆ ಚೆಲ್ಲುವುದು ನಿಲ್ಲಲಿ. ಮೂರನೆಯದು, ಮನೆಗೋಡೆಗೆ ತಾಗಿದ ಜಾಲಿ ಮೆಳೆ ಕಡಿಯೋಣ, ಗುಡ್ಡದ ಹಣ್ಣಿನ ಗಿಡ ಬಿಡೋಣ. ಸೀತಾಫಲ ಬೇಕಿದ್ದರೆ ನಮ್ಮ ಬದುವಿನಲ್ಲೇ ಬೆಳೆಯುತ್ತದೆ. ನಾಲ್ಕನೆಯದು, ಶೇಂಗಾ ಕಾಯಲು ಒಬ್ಬರೇ ಹೋಗುವುದು ಬೇಡ. ಇಬ್ಬರು ಹೋಗಿ, ಬ್ಯಾಟರಿ ಹಿಡಿದು ಮಾತಾಡುತ್ತಾ, ಕೋಲು ಬಡಿಯುತ್ತಾ ನಡೆಯಿರಿ. ದೂರದಿಂದ ಸದ್ದು ಕೇಳಿದರೆ ಅದು ತಾನೇ ಸರಿಯುತ್ತದೆ. ಗುಂಪು ಕಟ್ಟಿ ಕಲ್ಲು ಹೊಡೆದು ಅಟ್ಟಿದರೆ ಎದುರಿಗೆ ಸಿಕ್ಕವನ ಗತಿ ಮುಗಿಯಿತು. ಬೇಲಿಗೆ ಕರೆಂಟು ಕೊಡುವ ಮಾತಂತೂ ಬೇಡವೇ ಬೇಡ. ಅದು ಕರಡಿಯನ್ನೂ ಕೊಲ್ಲುತ್ತದೆ, ಪಕ್ಕದ ಹೊಲದವನನ್ನೂ ಕೊಲ್ಲುತ್ತದೆ.

ಇಷ್ಟು ಮಾಡಿದರೆ ಕರಡಿ ಬರುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ಗುಡ್ಡ ಇರುವ ತನಕ ಬರುತ್ತದೆ. ಬಂದದ್ದು ನಮ್ಮ ಎದುರಿಗೆ ಬೀಳುವುದು ಕಡಿಮೆಯಾಗುತ್ತದೆ, ಅಷ್ಟೇ. ಅಷ್ಟಾದರೆ ಒಂದು ಕಣ್ಣು ಉಳಿಯುತ್ತದೆ.

ಸಭೆಯಾದ ಮರುದಿನ ನಾನೂ ತಮ್ಮನೂ ಶೌಚಾಲಯದ ಸೌದೆ ಹೊರಗೆ ಹಾಕಿ, ಬಾಗಿಲ ಪಕ್ಕ ನೀರಿನ ಡ್ರಮ್ಮು ಇಟ್ಟೆವು. ತಮ್ಮ ಅಂದ: "ಈ ಕೆಲಸ ಏಳು ವರ್ಷದ ಹಿಂದೆ ಆಗಬೇಕಿತ್ತು." ನಾನು ಉತ್ತರ ಕೊಡಲಿಲ್ಲ. ಮುಂದಿನ ಸಭೆಯಲ್ಲಿ ಮತ್ತೆ ಎದ್ದು ನಿಲ್ಲುತ್ತೇನೆ, ಈ ಸಲ ಕೂರುವುದಿಲ್ಲ. ಕೊಪ್ಪಳ, ಚಿತ್ರದುರ್ಗ, ಪಾವಗಡ ಕಡೆಯ ಗುಡ್ಡದ ರೈತರು ನಿಮ್ಮೂರಲ್ಲಿ ಏನು ಮಾಡಿದ್ದೀರಿ ಎಂದು ಇದೇ ಪತ್ರಿಕೆಗೆ ಬರೆದರೆ ನನಗೂ ಧೈರ್ಯ ಬರುತ್ತದೆ.