ಲೈಕ್ ಒತ್ತಿದವರೆಲ್ಲ ಓದಿದವರಲ್ಲ

ಕಾಲೇಜಿಗೆ ಹೋಗುವ ಮಗಳು ನೆಟ್‌ನಲ್ಲಿ ಲೇಖನ ಬರೆಯಲು ಶುರು ಮಾಡಿದ್ದಾಳಾ? ಸಂತೋಷ. ಆದರೆ ಲಿಂಕನ್ನು ಅಪಾರ್ಟ್‌ಮೆಂಟ್ ಗ್ರೂಪು, ನೆಂಟರ ಗ್ರೂಪು, ಭಜನೆ ಗ್ರೂಪು ಅಂತ ಎಲ್ಲ ಕಡೆ ಕಳಿಸಿ, 'ಒಂದು ಲೈಕ್ ಒತ್ತಿಬಿಡ್ರೀ' ಎಂದು ದುಂಬಾಲು ಬೀಳಬೇಡಿ. ಲೈಕೇನೋ ಬರುತ್ತೆ, ಓದುಗರು ಬರೋಲ್ಲ.

ಎಷ್ಟು ಜನ ಬಂದರು ಅನ್ನೋದಕ್ಕಿಂತ ಎಷ್ಟು ಹೊತ್ತು ನಿಂತು ಓದಿದರು ಅನ್ನೋದು ಮುಖ್ಯ. ಗೂಗಲ್ ಅನಲಿಟಿಕ್ಸ್ ಜೋಡಿಸಿಕೊಂಡರೆ ಈ ಲೆಕ್ಕ ಉಚಿತವಾಗಿ ಸಿಗುತ್ತೆ. ಒಂದೇ ಪುಟ ತೆರೆದು 10 ಸೆಕೆಂಡಿನೊಳಗೆ ಹೊರಟುಹೋದ ಭೇಟಿಯನ್ನು ಅದು ಸಾಮಾನ್ಯವಾಗಿ ಆಸಕ್ತಿಯ ಭೇಟಿ ಎಂದು ಎಣಿಸುವುದೇ ಇಲ್ಲ! ವಾಟ್ಸ್ಆ್ಯಪ್‌ಗೊಂದು, ಫೇಸ್‌ಬುಕ್‌ಗೊಂದು ಬೇರೆ ಬೇರೆ ಗುರುತಿನ ಲಿಂಕ್ ಕೊಟ್ಟರೆ, ಯಾವ ದಾರಿಯಿಂದ ಬಂದವರು ನಿಜಕ್ಕೂ ಓದಿದರು ಅಂತಲೂ ತಿಳಿಯುತ್ತೆ. ವಾರಕ್ಕೊಮ್ಮೆ ನೋಡಿದರೆ ಸಾಕು. ಗಂಟೆಗೊಮ್ಮೆ ಇಣುಕಿದರೆ ಓದೂ ಕೆಡುತ್ತೆ, ಮನಸ್ಸೂ ಕೆಡುತ್ತೆ. ಲೈಕಿನ ಸಂಖ್ಯೆಯೇ ಅವಳನ್ನು ಕಾಡುತ್ತಿದ್ದರೆ, ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ಗಳಲ್ಲಿ ಅದನ್ನು ಮರೆಮಾಡುವ ಅವಕಾಶ 2021ರಿಂದಲೂ ಇದೆ.

ಅಮ್ಮನಾಗಿ ನೀವು ಮಾಡಬೇಕಾದ್ದು ಇಷ್ಟೇ: ಅವಳು ಬರೆದದ್ದನ್ನು ಕೊನೆವರೆಗೂ ಓದಿ. ಎಲ್ಲಿ ಹಿಡಿಸಿತು, ಎಲ್ಲಿ ಅರ್ಥವಾಗಲಿಲ್ಲ, ಹೇಳಿ. ನೂರು ಹೆಬ್ಬೆಟ್ಟಿಗಿಂತ ಅಂಥ ಒಂದು ಮಾತು ದೊಡ್ಡದು, ಅಲ್ವಾ?