ಮರ ಕಡಿದವರು ನಾವು, ಬೈಗುಳ ಮಾತ್ರ ಕೋತಿಗೆ

ಎರಡು ಸುದ್ದಿ ನಾವೇ ಬರೆದು ಕಳಿಸಿದ್ದೇವೆ. ಒಂದು, 'ರಸ್ತೆ ಅಗಲೀಕರಣ: ಅಡ್ಡಿಯಾಗಿದ್ದ ಮರಗಳ ತೆರವು'. ಇನ್ನೊಂದು, 'ಕೋತಿ ಕಾಟ: ರೈತರು ಹೈರಾಣ'. ಇವೆರಡೂ ಒಂದೇ ಸುದ್ದಿ ಅಂತ ನಮಗೆ ಹೊಳೆಯಲೇ ಇಲ್ಲ. ಮೊದಲು ಆ ತಪ್ಪು ಒಪ್ಪಿಕೊಂಡು ಮುಂದಿನ ಮಾತು.

ರಸ್ತೆ ಬದಿಯಲ್ಲಿ ಹೋದ ಮರಗಳು ಯಾವುವು? ಆಲ, ಅರಳಿ, ಅತ್ತಿ, ಗೋಣಿ, ಬಸರಿ. ಇವೆಲ್ಲ ಒಂದೇ ಕುಟುಂಬ. ಮಾವು, ಹಲಸು, ನೇರಳೆಗೆ ಒಂದು ಕಾಲ ಅಂತ ಇದೆ. ಈ ಮರಗಳಿಗೆ ಹಾಗಿಲ್ಲ. ಈ ಆಲ ಇವತ್ತು ಹಣ್ಣು ಬಿಟ್ಟರೆ ಆಚೆ ಊರಿನದು ಇನ್ನೊಂದು ತಿಂಗಳು. ಮರಗಳು ಸಾಕಷ್ಟಿದ್ದರೆ ವರ್ಷವಿಡೀ ಎಲ್ಲಾದರೂ ಒಂದು ಕಡೆ ಹಣ್ಣು ಇದ್ದೇ ಇರುತ್ತದೆ. ಬೇರೇನೂ ಸಿಗದ ದಿನಗಳಲ್ಲಿ ಕೋತಿ, ಬಾವಲಿ, ಗೊರವಂಕ, ಕೋಗಿಲೆ, ಪಿಕಳಾರ ಬದುಕುವುದು ಇದರಿಂದ.

'ಅತ್ತಿಹಣ್ಣು ಬಿಚ್ಚಿದರೆ ಬರೀ ಹುಳ' ಅಂತ ಮೂಗು ಮುರಿಯುತ್ತೇವಲ್ಲ, ಆ ಹುಳ ಇಲ್ಲದಿದ್ದರೆ ಅತ್ತಿಯೇ ಇಲ್ಲ. ಅತ್ತಿಯ ಹೂ ಯಾರೂ ಕಂಡಿಲ್ಲ ಅನ್ನುತ್ತಾರೆ. ಕಾಣುವುದು ಹೇಗೆ? ಹೂಗಳೆಲ್ಲ ಕಾಯಿಯ ಒಳಗಿವೆ. ಎಳ್ಳುಕಾಳಿಗಿಂತ ಚಿಕ್ಕದಾದ ಹೆಣ್ಣು ಕಣಜವೊಂದು ಕಾಯಿಯ ತುದಿಯ ತೂತಿನಲ್ಲಿ ನುಗ್ಗುತ್ತದೆ. ನುಗ್ಗುವಾಗಲೇ ರೆಕ್ಕೆ ಮುರಿದು ಹೋಗುತ್ತದೆ. ಮೈಗಂಟಿದ ಪರಾಗವನ್ನು ಹೂಗಳಿಗೆ ಮುಟ್ಟಿಸಿ, ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಅದರ ಹೆಣ್ಣುಮರಿಗಳು ಪರಾಗ ಹೊತ್ತು ಹೊರಬಂದು ಬೇರೆ ಮರ ಹುಡುಕುತ್ತವೆ. ಹೊರಗೆ ಅವಕ್ಕಿರುವ ಆಯಸ್ಸು ಒಂದೆರಡು ದಿನ. ಅತ್ತಿಯ ಕಣಜ ಆಲಕ್ಕೆ ಒದಗುವುದಿಲ್ಲ, ಆಲದ್ದು ಅತ್ತಿಗೆ ಒದಗುವುದಿಲ್ಲ. ಇನ್ನು ಬೀಜ ಹರಡುವ ಕೆಲಸ ಹಕ್ಕಿ, ಬಾವಲಿ, ಕೋತಿಗಳದ್ದು. ದೇವಸ್ಥಾನದ ಗೋಪುರದ ಸಂದಿಯಲ್ಲಿ ಅರಳಿ ಗಿಡ ಹುಟ್ಟುವುದು ಹಾಗೆಯೇ.

ಇಷ್ಟು ಸೂಕ್ಷ್ಮವಾದ ಲೆಕ್ಕವನ್ನು ಅಳಿಸಿ ನಾವು ಬರೆದ ಲೆಕ್ಕ ಯಾವುದು? 'ಒಂದು ಮರ ಕಡಿದರೆ ಹತ್ತು ಸಸಿ ನೆಡುತ್ತೇವೆ.' ಯಾವ ಸಸಿ ಅಂತ ಕೇಳಿದವರಿಲ್ಲ. ಆಲ ಹೋದ ಜಾಗಕ್ಕೆ ಬಂದಿದ್ದು ಆಸ್ಟ್ರೇಲಿಯಾದ ಅಕೇಶಿಯಾ, ಮಡಗಾಸ್ಕರದ ಗುಲ್‌ಮೊಹರ್. ಅಕೇಶಿಯಾ ಸೊಪ್ಪಿಗೆ ದನ ಬಾಯಿ ಹಾಕುವುದಿಲ್ಲ. ಗುಲ್‌ಮೊಹರ್ ನೋಡಲು ಚೆಂದ, ಆದರೆ ಕೋತಿ ಏನು ತಿನ್ನಬೇಕು? ಕೆಂಪು ಹೂವಿನ ಫೋಟೊನಾ?

'ಕೋತಿ ಜಾಸ್ತಿಯಾಗಿವೆ, ಅದಕ್ಕೇ ಊರಿಗೆ ಬರುತ್ತಿವೆ' ಅನ್ನುವವರಿದ್ದಾರೆ. ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತವರ ಸಂಗಡಿಗರು ಮೈಸೂರು ಸುತ್ತಲಿನ ರಸ್ತೆಗಳಲ್ಲಿ ವರ್ಷಗಟ್ಟಲೆ ಕೋತಿ ಎಣಿಸಿದ್ದಾರೆ. ಸಾಲುಮರ ಹೋದಂತೆ ರಸ್ತೆಬದಿಯ ಕೋತಿಗಳೂ ಕಡಿಮೆಯಾಗಿದ್ದವು. ಉಳಿದವು ಎಲ್ಲಿಗೆ ಹೋಗಬೇಕು? ನಿಮ್ಮ ಕಡಲೆಕಾಯಿ ಹೊಲಕ್ಕೆ, ತೆಂಗಿನ ತೋಟಕ್ಕೆ, ಅಡುಗೆಮನೆ ಹೆಂಚಿನ ಮೇಲಕ್ಕೆ. ದಾರಿಹೋಕರು ಬಿಸ್ಕತ್ತು ಎಸೆದು ರೂಢಿ ಮಾಡಿಸಿದ್ದೂ ಒಂದು ಕಾರಣ, ನಿಜ. ಆದರೆ ಹಿಡಿದು ಪಕ್ಕದ ತಾಲ್ಲೂಕಿಗೆ ಬಿಟ್ಟು ಬಂದರೆ ಕಾಟ ಹೋಗುವುದಿಲ್ಲ, ವಿಳಾಸ ಬದಲಾಗುತ್ತದೆ ಅಷ್ಟೆ.

ಹುಲಿಕಲ್ಲು–ಕುದೂರು ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕ ಮತ್ತು ಪತಿ ಚಿಕ್ಕಯ್ಯ ಆಲದ ಸಸಿ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದರು. ಓದು ಬರಹ ಗೊತ್ತಿಲ್ಲದವರಿಗೆ ಯಾವ ಮರ ನೆಡಬೇಕು ಅಂತ ಗೊತ್ತಿತ್ತು. ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿದ್ದು 2019ರಲ್ಲಿ. ಅದೇ ವರ್ಷ ರಸ್ತೆ ಅಗಲೀಕರಣಕ್ಕೆ ಆ ಮರಗಳೇ ಹೋಗುವ ಭಯ ಬಂದು, ಉಳಿಸಿಕೊಡಿ ಅಂತ ಆ ಅಜ್ಜಿಯೇ ಮುಖ್ಯಮಂತ್ರಿಯನ್ನು ಕೇಳಬೇಕಾಯಿತು. ಪ್ರಶಸ್ತಿ ಒಂದು ಕೈಯಲ್ಲಿ, ಗರಗಸ ಇನ್ನೊಂದು ಕೈಯಲ್ಲಿ!

ರಸ್ತೆ ಬೇಡ ಅಂತ ನಾವು ಹೇಳುತ್ತಿಲ್ಲ. ಆಂಬುಲೆನ್ಸ್ ನಮ್ಮೂರಿಗೂ ಬರಬೇಕು. ಆದರೆ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು ಅಂತ 1976ರ ಮರ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ಕೇಳಿ: ನಮ್ಮ ರಸ್ತೆಯಲ್ಲಿ ಹೋದ ಮರಗಳು ಯಾವ ಜಾತಿಯವು? ಅನುಮತಿ ಪತ್ರ ಎಲ್ಲಿ? ಬದಲಿಗೆ ನೆಟ್ಟ ಸಸಿ ಯಾವುದು, ಎಷ್ಟು ಬದುಕಿವೆ? ರಸ್ತೆ ಬದಿಯಲ್ಲಿ ಜಾಗವಿಲ್ಲದಿದ್ದರೆ ಗುಂಡುತೋಪು ಇದೆ, ಗೋಮಾಳ ಇದೆ. ಅಲ್ಲಿ ಆಲ, ಅತ್ತಿ, ಗೋಣಿಯನ್ನೇ ನೆಡಬೇಕು ಅಂತ ನಡಾವಳಿ ಪುಸ್ತಕದಲ್ಲಿ ಬರೆಸಿ.

ನಮ್ಮ ಪಾಲಿನ ಕೆಲಸವನ್ನೂ ಹೇಳಿಬಿಡುತ್ತೇವೆ. ಇನ್ನು 'ಅಡ್ಡಿಯಾಗಿದ್ದ ಮರ' ಅಂತ ಬರೆಯುವುದಿಲ್ಲ. ಯಾವ ಮರ, ಅದರಲ್ಲಿ ಯಾರು ಉಣ್ಣುತ್ತಿದ್ದರು ಅಂತ ಬರೆಯುತ್ತೇವೆ. ತಪ್ಪಿದರೆ ನೀವೇ ಫೋನ್ ಮಾಡಿ ಬೈಯಿರಿ. ಕೋತಿಗಿಂತ ಮೊದಲು ಆ ಬೈಗುಳ ನಮಗೆ ಸಲ್ಲಬೇಕು.