ಗಾಳಿಮಾಪಕದ ಸಾಕ್ಷ್ಯ

ಹಿಂದೆ ಮನೆಯ ಗೋಡೆಯ ಮೇಲೆ ಪಂಚಾಂಗವೊಂದು, ಗಡಿಯಾರವೊಂದು ಇದ್ದರೆ ಸಾಕಾಗಿತ್ತು. ಈಗ ಪೇಟೆಯ ಕೆಲವು ಮನೆಗಳಲ್ಲಿ ಅವುಗಳ ಜೊತೆಗೆ ಅಂಗೈಯಗಲದ ಇನ್ನೊಂದು ಪೆಟ್ಟಿಗೆಯೂ ಬಂದು ಕುಳಿತಿದೆ. ಅದು ಮನೆಯೊಳಗಿನ ಗಾಳಿಯನ್ನು ಅಳೆದು ಅಂಕಿಯಲ್ಲಿ ಹೇಳುವ ಮಾಪಕ. ಅಂಕಿ ಕಡಿಮೆಯಿದ್ದರೆ ಹಸಿರು ದೀಪ, ಹೆಚ್ಚಾದರೆ ಕೆಂಪು ದೀಪ. ಉಬ್ಬಸವಿರುವ ಮಗುವೋ ಕೆಮ್ಮುವ ಅಜ್ಜಿಯೋ ಇರುವ ಮನೆಯವರು ಆ ದೀಪವನ್ನು ನೋಡಿಯೇ ಕಿಟಕಿಯನ್ನು ತೆರೆಯುವರು, ನೋಡಿಯೇ ಮುಚ್ಚುವರು. ಒಂದು ಪುಟ್ಟ ಯಂತ್ರದ ಮಾತನ್ನು ನಂಬಿ ಮನೆಯವರು ಉಸಿರಾಡುತ್ತಿರುವಾಗ, ಆ ಮಾತು ಎಷ್ಟರಮಟ್ಟಿಗೆ ನಿಜವೆಂದು ಕೇಳುವುದು ಅಗತ್ಯವಲ್ಲವೆ?

ಈ ವಿಷಯದಲ್ಲಿ ಜನರು ಎರಡು ಪಂಗಡವಾಗಿರುವರು. ಯಂತ್ರ ಹೇಳಿದ್ದೆಲ್ಲ ವೇದವಾಕ್ಯವೆಂದು ತಿಳಿಯುವವರು ಒಂದು ಪಂಗಡ. ತಮಗೆ ಒಗ್ಗದ ಅಂಕಿ ಬಂದೊಡನೆ 'ಯಂತ್ರ ಕೆಟ್ಟಿದೆ' ಎಂದು ಅದನ್ನು ಮೂಲೆಗೆಸೆಯುವವರು ಇನ್ನೊಂದು. ನೋಡುವುದಕ್ಕೆ ಇವರು ಪರಸ್ಪರ ವಿರೋಧಿಗಳು. ಆದರೆ ಇಬ್ಬರ ದೋಷವೂ ಒಂದೇ. ಆ ಅಂಕಿ ಹೇಗೆ ಹುಟ್ಟಿತು ಎಂದು ಇಬ್ಬರೂ ಕೇಳಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕೆಂದು ನಮ್ಮ ಹಿರಿಯರು ಹೇಳಿದ ಮಾತು ಇಲ್ಲಿ ಸಲ್ಲುತ್ತದೆ.

ಕಲಾ ವಿದ್ಯಾರ್ಥಿಗೆ ಈ ಯಂತ್ರದ ಗೊಡವೆ ಏಕೆಂದು ವಿಜ್ಞಾನದ ಮಿತ್ರರು ನಗಬಹುದು. ಆದರೆ ಶಾಸನವೊಂದು ದೊರೆತಾಗ ಅದನ್ನು ಬರೆಸಿದವರು ಯಾರು, ಯಾವ ಶಕೆಯ ಲೆಕ್ಕ, ಕಲ್ಲು ಸವೆದಿದೆಯೆ, ಬೇರೊಂದು ಶಾಸನ ಅದನ್ನು ಸಮರ್ಥಿಸುವುದೆ ಎಂದು ಪರೀಕ್ಷಿಸುವುದನ್ನು ಇತಿಹಾಸದ ತರಗತಿಯಲ್ಲಿ ನಾವು ಕಲಿಯುವೆವು. ಗಾಳಿಮಾಪಕವೂ ಒಬ್ಬ ಸಾಕ್ಷಿಯೇ. ಅದರ ಹೇಳಿಕೆಯನ್ನೂ ಇದೇ ಕ್ರಮದಲ್ಲಿ ಪರೀಕ್ಷಿಸಬಹುದೆಂಬುದು ನನ್ನ ಅಭಿಪ್ರಾಯ.

ಮೊದಲನೆಯ ಪ್ರಶ್ನೆ: ಯಾವ ಶಕೆಯ ಲೆಕ್ಕ? ಶಕವರ್ಷಕ್ಕೂ ಕ್ರಿಸ್ತವರ್ಷಕ್ಕೂ ಸುಮಾರು 78 ವರ್ಷಗಳ ಅಂತರವಿದ್ದರೂ ಘಟನೆ ಒಂದೇ ಆಗಿರುವಂತೆ, ಒಂದೇ ಗಾಳಿಗೆ ಎರಡು ಸೂಚ್ಯಂಕಗಳಿರಬಹುದು. ಎರಡೂವರೆ ಮೈಕ್ರಾನಿಗಿಂತ ಸಣ್ಣದಾದ ಕಣಗಳನ್ನು ಪಿ.ಎಂ. 2.5 ಎನ್ನುವರು. ಇವು ಘನಮೀಟರಿಗೆ 60 ಮೈಕ್ರೋಗ್ರಾಂ ಇದ್ದರೆ, 2015ರಲ್ಲಿ ಜಾರಿಗೆ ಬಂದ ಭಾರತದ ಸೂಚ್ಯಂಕದಲ್ಲಿ ಅದು 100, ಅಂದರೆ 'ತೃಪ್ತಿಕರ'. ಅದೇ 60 ಮೈಕ್ರೋಗ್ರಾಂ ಅಮೆರಿಕದ ಸೂಚ್ಯಂಕದಲ್ಲಿ 150ನ್ನು ದಾಟಿ 'ಅನಾರೋಗ್ಯಕರ' ಎನಿಸುತ್ತದೆ. ಮನೆಯ ಯಂತ್ರ ಅಮೆರಿಕದ ಲೆಕ್ಕವನ್ನೂ ಸರ್ಕಾರದ 'ಸಮೀರ್' ಆ್ಯಪ್ ಭಾರತದ ಲೆಕ್ಕವನ್ನೂ ಹೇಳುತ್ತಿದ್ದರೆ, ಎರಡೂ ಸರಿಯಾಗಿದ್ದು ಜಗಳ ಮಾತ್ರ ಉಳಿಯುತ್ತದೆ. ಇದಲ್ಲದೆ ನಮ್ಮ ಸೂಚ್ಯಂಕ ಈ ಕಣಗಳಿಗೆ 24 ಗಂಟೆಗಳ ಸರಾಸರಿಯನ್ನು ಹಿಡಿಯುತ್ತದೆ. ಮನೆಯ ಯಂತ್ರ ಆ ಕ್ಷಣದ ಮಾತನ್ನು ಹೇಳುತ್ತದೆ. ಆದುದರಿಂದ ಸೂಚ್ಯಂಕಗಳನ್ನು ಬಿಟ್ಟು, ಎರಡು ಕಡೆಯೂ ಮೈಕ್ರೋಗ್ರಾಂ ಲೆಕ್ಕವನ್ನೇ ತೆಗೆದುಕೊಂಡು ಹೋಲಿಸತಕ್ಕದ್ದು. 'ಕೆಟ್ಟ' ಯಂತ್ರಗಳಲ್ಲಿ ಕೆಲವು ಇಷ್ಟರಿಂದಲೇ ರಿಪೇರಿಯಾಗುವುವು!

ಎರಡನೆಯ ಪ್ರಶ್ನೆ: ಸಾಕ್ಷಿ ಕಂಡದ್ದೇನು, ಊಹಿಸಿದ್ದೇನು? ಗಾಳಿಯ ಕಣಗಳನ್ನು ಅಳೆಯುವ ಮೂಲಕ್ರಮವೆಂದರೆ, ಗೊತ್ತಾದಷ್ಟು ಗಾಳಿಯನ್ನು ಒಂದು ಇಡೀ ದಿನ ಶೋಧಕದ ಮೂಲಕ ಹಾಯಿಸಿ, ಅದರಲ್ಲಿ ನಿಂತ ಕಣಗಳನ್ನು ಸೂಕ್ಷ್ಮ ತಕ್ಕಡಿಯಲ್ಲಿ ತೂಗುವುದು. ಮನೆಯ ಪೆಟ್ಟಿಗೆಯಲ್ಲಿ ತಕ್ಕಡಿಯೇ ಇಲ್ಲ. ಒಂದು ಚಿಕ್ಕ ಫ್ಯಾನು ಗಾಳಿಯನ್ನು ಒಳಗೆಳೆಯುತ್ತದೆ. ಲೇಸರ್ ಕಿರಣಕ್ಕೆ ಸಿಕ್ಕಿದ ಕಣಗಳು ಬೆಳಕನ್ನು ಚದರಿಸುತ್ತವೆ. ಚದರಿದ ಬೆಳಕನ್ನು ನೋಡಿ ಯಂತ್ರ ತೂಕವನ್ನು ಅಂದಾಜು ಮಾಡುತ್ತದೆ. ಸಂತೆಯಲ್ಲಿ ಕಾಳಿನ ರಾಶಿಯನ್ನು ಕಣ್ಣಳತೆಯಿಂದಲೇ ನೋಡಿ ತೂಕ ಹೇಳುವ ವ್ಯಾಪಾರಿಯ ಜಾಣತನ ಇದರದು. ಆ ವ್ಯಾಪಾರಿ ಸಾಮಾನ್ಯವಾಗಿ ಬಹಳ ತಪ್ಪುವುದಿಲ್ಲ. ಆದರೆ ಕಾಳು ನೆನೆದು ಉಬ್ಬಿದ್ದರೆ?

ಗಾಳಿಯಲ್ಲಿ ಆಗುವುದೂ ಅದೇ. ತೇವ ಹೆಚ್ಚಾದಾಗ ಅನೇಕ ಬಗೆಯ ಕಣಗಳು ನೀರನ್ನು ಹೀರಿ ಉಬ್ಬುತ್ತವೆ, ಹೆಚ್ಚು ಬೆಳಕನ್ನು ಚದರಿಸುತ್ತವೆ. ಮಂಜಿನ ಹನಿಗಳನ್ನೂ ಯಂತ್ರ ಹೊಗೆಯೆಂದೇ ಎಣಿಸುತ್ತದೆ. ಮಳೆಗಾಲದ ಮಂಗಳೂರಿನಲ್ಲಿಯೋ, ಮಂಜು ಕವಿದ ಮಡಿಕೇರಿಯ ಮುಂಜಾನೆಯಲ್ಲಿಯೋ ಕಿಟಕಿಯ ಬಳಿಯ ಮಾಪಕ ಏಕಾಏಕಿ ಕೆಂಪಾದರೆ, ಕಾರ್ಖಾನೆಯನ್ನು ಹುಡುಕುವ ಮೊದಲು ತೇವದ ಅಂಕಿಯನ್ನು ನೋಡಬೇಕು. ಎಸ್.ಡಿ.ಎಸ್. 011 ಎಂಬ ಬಳಕೆಯ ಸೆನ್ಸರು ಶೇಕಡಾ 70ರ ತೇವದವರೆಗೆ ಮಾತ್ರ ಕೆಲಸಕ್ಕೆ ಯೋಗ್ಯವೆಂದು ಅದರ ವಿವರಪತ್ರದಲ್ಲಿಯೇ ಬರೆದಿದೆ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ವಿಜ್ಞಾನಿಗಳು 'ಪರ್ಪಲ್‌ಏರ್' ಎಂಬ ಮಾಪಕಗಳನ್ನು ಸರ್ಕಾರಿ ಕೇಂದ್ರಗಳ ಪಕ್ಕದಲ್ಲಿಟ್ಟು ಹೋಲಿಸಿ 2021ರಲ್ಲಿ ಒಂದು ತಿದ್ದುಪಡಿ ಸೂತ್ರವನ್ನು ಪ್ರಕಟಿಸಿದರು. ಯಂತ್ರದ ಅಂಕಿಯನ್ನು 0.524ರಿಂದ ಗುಣಿಸಿ, ಶೇಕಡಾ ತೇವವನ್ನು 0.0862ರಿಂದ ಗುಣಿಸಿ ಬಂದುದನ್ನು ಅದರಿಂದ ಕಳೆದು, 5.75ನ್ನು ಕೂಡಿಸಬೇಕು. ತೇವ ಶೇಕಡಾ 50 ಇರುವಾಗ ಯಂತ್ರ 60 ಎಂದರೆ, ಸೂತ್ರದಂತೆ ಸುಮಾರು 33 ಮಾತ್ರ! ಹಾಗೆಂದು ಆ ಸೂತ್ರವನ್ನು ನಮ್ಮೂರಿಗೆ ಹಾಗೆಯೇ ತಂದು ಹಚ್ಚುವುದು ಸಲ್ಲದು. ಅದು ಅಲ್ಲಿಯ ಗಾಳಿಗೆ, ಅಲ್ಲಿಯ ಕಣಗಳಿಗೆ ಮಾಡಿದ ಲೆಕ್ಕ. ನಾವು ಕಲಿಯಬೇಕಾದದ್ದು ಸೂತ್ರವನ್ನಲ್ಲ, ಪಕ್ಕದಲ್ಲಿಟ್ಟು ಹೋಲಿಸುವ ಕ್ರಮವನ್ನು.

ಯಂತ್ರ ಹೆಚ್ಚು ಹೇಳುವಂತೆ ಕಡಿಮೆ ಹೇಳುವುದೂ ಉಂಟು. ರಸ್ತೆಯ ಧೂಳು, ಕಣದಲ್ಲಿ ಒಕ್ಕುವಾಗ ಏಳುವ ಧೂಳು, ಇವುಗಳ ದಪ್ಪ ಕಣಗಳು ಇಂಥ ಅಗ್ಗದ ಸೆನ್ಸರುಗಳ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ. ಬಯಲುಸೀಮೆಯ ಮನೆಯೊಂದರಲ್ಲಿ ಮೇಜಿನ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು ಕೂತಿದ್ದರೂ ಮಾಪಕ ಹಸಿರು ದೀಪ ತೋರಿಸುತ್ತಿರಬಹುದು. ಇಲ್ಲಿ ಕಣ್ಣನ್ನು ನಂಬುವುದೇ ಲೇಸು.

ಮೂರನೆಯ ಪ್ರಶ್ನೆ: ಸಾಕ್ಷಿ ಎಲ್ಲಿ ನಿಂತಿದ್ದ, ಅವನ ವಯಸ್ಸೆಷ್ಟು? ಒಲೆಯ ಪಕ್ಕದಲ್ಲಿಟ್ಟ ಮಾಪಕ ಒಗ್ಗರಣೆಯ ಮಾತನ್ನೇ ಆಡುವುದು. ಗಾಳಿ ಶುದ್ಧಮಾಡುವ ಯಂತ್ರದ ಬಾಯಿಗೆ ಇಟ್ಟದ್ದು ಇಡೀ ಮನೆಯೇ ಶುದ್ಧವೆನ್ನುವುದು. ನೇರ ಬಿಸಿಲು, ಬಚ್ಚಲಿನ ಹಬೆ, ಫ್ಯಾನಿನ ರಭಸ ಇವುಗಳಿಂದ ದೂರವಾಗಿ, ಕುಳಿತವರ ಮೂಗಿನ ಎತ್ತರದಲ್ಲಿ, ಸುತ್ತ ಗಾಳಿಯಾಡುವಂತೆ ಇಡುವುದು ಒಳ್ಳೆಯದು. ಗಾಳಿ ಹೋಗುವ ತೂತಿನಲ್ಲಿ ಜೇಡ ಬಲೆ ಕಟ್ಟಿದರೂ ಅಂಕಿ ಕೆಡುತ್ತದೆ. ಯಂತ್ರಕ್ಕೆ ಮುಪ್ಪೂ ಉಂಟು. ಮೇಲೆ ಹೇಳಿದ ಸೆನ್ಸರಿನ ಆಯುಷ್ಯ ಸುಮಾರು 8000 ಗಂಟೆಗಳು. ಹಗಲಿರುಳು ನಡೆಸಿದರೆ ಒಂದು ವರ್ಷವೂ ತುಂಬುವುದಿಲ್ಲ.

ಕೆಲವು ಪೆಟ್ಟಿಗೆಗಳು ಇಂಗಾಲದ ಡೈಆಕ್ಸೈಡನ್ನೂ ತೋರಿಸುತ್ತವೆ. ಅಗ್ಗದವುಗಳಲ್ಲಿ ಕೆಲವು ಆ ಅನಿಲವನ್ನು ಅಳೆಯುವುದೇ ಇಲ್ಲ; ಬೇರೆ ಆವಿಗಳನ್ನು ಮೂಸಿ ಊಹೆಯಿಂದ ಹೇಳುತ್ತವೆ. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡರೂ ಅವು ಗಾಬರಿಯಾಗುವುವು. ನಿಜವಾಗಿ ಅಳೆಯುವವುಗಳಲ್ಲಿ ಅನೇಕವು ಕೆಲವು ದಿನಗಳಲ್ಲಿ ಕಂಡ ಅತಿ ಕಡಿಮೆ ಅಂಕಿಯನ್ನೇ ಹೊರಗಿನ ಶುದ್ಧ ಗಾಳಿಯೆಂದು ಭಾವಿಸಿ ತಮ್ಮನ್ನು ತಿದ್ದಿಕೊಳ್ಳುತ್ತವೆ. ಕಿಟಕಿಯನ್ನೇ ತೆರೆಯದ ಕೋಣೆಯಲ್ಲಿ ಈ ಭಾವನೆಯೇ ಸುಳ್ಳಾಗಿ, ಯಂತ್ರ ದಿನೇ ದಿನೇ ಕಡಿಮೆ ಹೇಳತೊಡಗುತ್ತದೆ. ಆಗಾಗ ಅದನ್ನು ಬಯಲಿಗೆ ತಂದು ಹೊರಗಿನ ಗಾಳಿಯನ್ನು ತೋರಿಸುವುದೇ ಇದಕ್ಕೆ ಔಷಧ.

ಕೊನೆಯ ಪ್ರಶ್ನೆ: ಬೇರೆ ಸಾಕ್ಷಿಗಳುಂಟೆ? ನೆರೆಮನೆಯ ಮಾಪಕವನ್ನು ತಂದು ಒಂದು ವಾರ ಎರಡನ್ನೂ ಒಂದೇ ಮೇಜಿನ ಮೇಲಿಡಿರಿ. ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಏರಿಳಿತ ನಂಬತಕ್ಕದ್ದು. ಒಂದು ಮಾತ್ರ ಅಲ್ಲಾಡದೆ ನಿಂತಿದ್ದರೆ ದೋಷ ಅದರದೇ ಇರಬೇಕು. ಬಳಿಕ ಹೊರಗಿನ ವರಾಂಡದಲ್ಲಿಟ್ಟು ಹತ್ತಿರದ ಸರ್ಕಾರಿ ಕೇಂದ್ರದ ಅಂಕಿಯೊಡನೆ ಹೋಲಿಸಬಹುದು. ಬೆಂಗಳೂರಿನ ಹೆಬ್ಬಾಳ, ಪೀಣ್ಯ ಮೊದಲಾದೆಡೆ ಇಂಥ ಕೇಂದ್ರಗಳಿವೆ. ಆದರೆ ಹೆಬ್ಬಾಳದ ಗಾಳಿ ನಮ್ಮ ಅಡುಗೆಮನೆಯ ಗಾಳಿಯಲ್ಲ ಎಂಬುದನ್ನು ಮರೆಯಬಾರದು.

ಇಲ್ಲಿಗೆ ಮುಖ್ಯವಾದ ಮಾತಿಗೆ ಬಂದೆವು. ಪೂಜೆಯ ಹೊತ್ತಿಗೆ ಊದುಬತ್ತಿ ಹಚ್ಚಿದೊಡನೆ, ಒಲೆಗೆ ಸೌದೆಯಿಟ್ಟೊಡನೆ, ಎಣ್ಣೆಯಲ್ಲಿ ಮೆಣಸಿನಕಾಯಿ ಸಿಡಿದೊಡನೆ ಅಂಕಿ ಏರುವುದು ಯಂತ್ರದ ದೋಷವಲ್ಲ. ಅದು ನಿಜವಾದ ಹೊಗೆ. ಎದೆಗೂ ಹೋಗುವ ಹೊಗೆ. ಆದರೆ 'ದೇವರ ಧೂಪದಲ್ಲಿ ದೋಷ ಕಾಣುವ ಯಂತ್ರವೂ ಒಂದು ಯಂತ್ರವೆ?' ಎಂದು ಅದನ್ನು ಆರಿಸಿಡುವವರುಂಟು. ಹೊರಗಿನ ಬಸ್ಸಿನ ಹೊಗೆಯನ್ನು ತೋರಿದಾಗ ಸತ್ಯವಂತನಾದ ಸಾಕ್ಷಿ, ಮನೆಯೊಳಗಿನ ಹೊಗೆಯನ್ನು ತೋರಿದಾಗ ಸುಳ್ಳುಗಾರನಾಗುವುದು ಯಾವ ನ್ಯಾಯ? ಅನೇಕ ಮನೆಗಳಲ್ಲಿ ಈ ಹೊಗೆಯನ್ನು ಎಲ್ಲರಿಗಿಂತ ಹೆಚ್ಚು ಕುಡಿಯುವವಳು ಒಲೆಯ ಮುಂದೆ ನಿಂತ ತಾಯಿ. ಮಂಜನ್ನು ಹೊಗೆಯೆಂದು ನಂಬಿ ಕಿಟಕಿ ಮುಚ್ಚಿದರೆ ಒಲೆಯ ಹೊಗೆಯನ್ನು ಒಳಗೇ ಕೂಡಿಹಾಕಿದಂತೆ. ಒಲೆಯ ಹೊಗೆಯನ್ನು ಯಂತ್ರದ ತಪ್ಪೆಂದು ತಳ್ಳಿಹಾಕಿದರೆ ಅವಳ ಕೆಮ್ಮನ್ನೂ ತಳ್ಳಿಹಾಕಿದಂತೆ.

ಇಷ್ಟೊಂದು ಸಂಶಯವಿದ್ದರೆ ಯಂತ್ರವೇ ಬೇಡವೆಂದು ಕೆಲವರು ಹೇಳಬಹುದು. ಐದು ನಿಮಿಷ ಹಿಂದಿರುವ ಗಡಿಯಾರ, ಹಿಂದಿದೆಯೆಂದು ಬಲ್ಲವನಿಗೆ ರೈಲು ತಪ್ಪಿಸುವುದಿಲ್ಲ. ತಪ್ಪು ಎಷ್ಟು, ಯಾವ ಕಡೆಗೆ ಎಂದು ತಿಳಿದ ಮಾಪಕವೂ ಹಾಗೆಯೇ ಉಪಯುಕ್ತ. ಮಾರುವವರು ಪೆಟ್ಟಿಗೆಯ ಮೇಲೆ ಬಣ್ಣದ ಚಿತ್ರದೊಡನೆ, ಯಾವ ಸೂಚ್ಯಂಕ, ಎಷ್ಟು ತೇವದವರೆಗೆ, ಎಷ್ಟು ಗಂಟೆ ಆಯುಷ್ಯ ಎಂಬ ಮೂರು ಸಾಲುಗಳನ್ನು ಕನ್ನಡದಲ್ಲಿ ಅಚ್ಚುಹಾಕಿಸಲಿ. ನಮ್ಮಂಥ ಕಾಲೇಜುಗಳಲ್ಲಿ ಭೂಗೋಳ ವಿಭಾಗದವರು ಮೂರು ನಾಲ್ಕು ಮಾಪಕಗಳನ್ನು ಒಟ್ಟಿಗೆ ಇಟ್ಟು, ಮಳೆಗಾಲ ಚಳಿಗಾಲಗಳಲ್ಲಿ ಅಂಕಿಗಳನ್ನು ಬರೆದಿಡಲಿ. ಊರಿನವರು ತಮ್ಮ ಮಾಪಕವನ್ನು ತಂದು ಅವುಗಳೊಡನೆ ಹೋಲಿಸಿಕೊಂಡು ಹೋಗಲಿ. ಇದಕ್ಕೆ ಬೇಕಾಗುವ ಹಣ ಅಲ್ಪ, ಆಗುವ ಉಪಕಾರ ದೊಡ್ಡದು.

ಪದವೀಧರರಾಗಿ ಹೊರಹೋಗುವ ನಮ್ಮ ಮುಂದೆ ನಾಳೆ ಬೆಲೆಯ, ಬೆಳೆಯ, ರೋಗದ, ಮತದ ನೂರಾರು ಅಂಕಿಗಳು ಬಂದು ನಿಲ್ಲುವುವು. ಅವುಗಳಿಗೆ ಕೈಮುಗಿಯುವುದೂ ಬೇಡ, ಕಲ್ಲೆಸೆಯುವುದೂ ಬೇಡ. ನೀನು ಹೇಗೆ ಹುಟ್ಟಿದೆ ಎಂದು ಕೇಳುವ ಅಭ್ಯಾಸವನ್ನು ಮನೆಯ ಗೋಡೆಯ ಮೇಲಿನ ಈ ಪುಟ್ಟ ಪೆಟ್ಟಿಗೆಯಿಂದಲೇ ಆರಂಭಿಸೋಣ.